ಫೋರ್ಕ್‌ಲಿಫ್ಟ್ ಎಂದರೆ ಒಂದೇ ಯಂತ್ರವಲ್ಲ: ಆಪರೇಟರ್‌ಗಳಿಗೆ ಯಂತ್ರಕ್ಕೆ ತಕ್ಕ ಸುರಕ್ಷತಾ ತರಬೇತಿ

ಫೋರ್ಕ್‌ಲಿಫ್ಟ್ ಎಂಬ ಒಂದೇ ಹೆಸರಿನಡಿ ಆರೇಳು ಬಗೆಯ ಯಂತ್ರಗಳು ಓಡಾಡುತ್ತವೆ. ಕುಳಿತು ಓಡಿಸುವ ಡೀಸೆಲ್ ಕೌಂಟರ್‌ಬ್ಯಾಲೆನ್ಸ್ ಯಂತ್ರ, ಅಡ್ಡಲಾಗಿ ಕುಳಿತು ಓಡಿಸುವ ರೀಚ್ ಟ್ರಕ್, ಹಿಡಿ ಹಿಡಿದು ಜೊತೆಗೇ ನಡೆಯುವ ಬ್ಯಾಟರಿ ಪ್ಯಾಲೆಟ್ ಟ್ರಕ್, ಪ್ಯಾಲೆಟನ್ನು ಮೇಲಕ್ಕೆತ್ತಿಡುವ ಸ್ಟ್ಯಾಕರ್, ಆಪರೇಟರ್‌ನನ್ನೇ ರ‍್ಯಾಕಿನ ಎತ್ತರಕ್ಕೆ ಕೊಂಡೊಯ್ಯುವ ಆರ್ಡರ್ ಪಿಕರ್, ಕಟ್ಟಡ ಕಾಮಗಾರಿಯ ಟೆಲಿಹ್ಯಾಂಡ್ಲರ್ ಎಲ್ಲವೂ ಆಡುಮಾತಿನಲ್ಲಿ ಫೋರ್ಕ್‌ಲಿಫ್ಟ್‌ಗಳೇ. ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆಯ ಸುತ್ತ ಎದ್ದಿರುವಂಥ ದೊಡ್ಡ ಗೋದಾಮುಗಳಲ್ಲಿ ಇವುಗಳಲ್ಲಿ ಮೂರು ನಾಲ್ಕು ಬಗೆ ಒಂದೇ ಸೂರಿನಡಿ ಕೆಲಸ ಮಾಡುವುದುಂಟು. ಆದರೆ ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವಾಗ ಕೇಳುವ ಪ್ರಶ್ನೆ ಮಾತ್ರ ಒಂದೇ: "ಫೋರ್ಕ್‌ಲಿಫ್ಟ್ ಓಡಿಸೋಕೆ ಬರುತ್ತಾ?" "ಬರುತ್ತೆ" ಎಂದವರ ಕೈಗೆ ಕೀ ಸಿಗುತ್ತದೆ.

ತೊಂದರೆ ಶುರುವಾಗುವುದೇ ಅಲ್ಲಿಂದ. ಒಂದು ಬಗೆಯ ಯಂತ್ರದಲ್ಲಿ ಜೀವ ಉಳಿಸುವ ಅಭ್ಯಾಸ ಇನ್ನೊಂದರಲ್ಲಿ ಜೀವಕ್ಕೇ ಎರವಾಗಬಹುದು. ಕುಳಿತು ಓಡಿಸುವ ಯಂತ್ರ ಪಲ್ಟಿಯಾಗುವಾಗ ಆಪರೇಟರ್ ಹೊರಕ್ಕೆ ಹಾರಲೇಬಾರದು; ಹಿಂಬದಿ ತೆರೆದಿರುವ, ನಿಂತು ಓಡಿಸುವ ಯಂತ್ರದಲ್ಲಾದರೆ ಹಿಂದಕ್ಕೆ ಹೆಜ್ಜೆಯಿಟ್ಟು ಹೊರಬರಬೇಕು. ಇಳಿಜಾರಿನಲ್ಲಿ ಕೌಂಟರ್‌ಬ್ಯಾಲೆನ್ಸ್ ಯಂತ್ರದ ಲೋಡ್ ಏರಿನ ಕಡೆಗಿರಬೇಕು; ಜೊತೆಗೆ ನಡೆದು ಓಡಿಸುವ ಪ್ಯಾಲೆಟ್ ಟ್ರಕ್ಕಿನಲ್ಲಿ ಲೋಡ್ ಇಳಿಜಾರಿನ ಕೆಳಗಡೆ, ಮನುಷ್ಯ ಮೇಲ್ಗಡೆ. ಹಾಗಾಗಿ ಆಪರೇಟರ್ ತರಬೇತಿ ಎಂದರೆ ಯಂತ್ರದ ಬಗೆಗೊಂದರಂತೆ, ಆ ಯಂತ್ರ ಓಡುವ ಜಾಗಕ್ಕೆ ಹೊಂದುವಂತೆ ಕೊಡಬೇಕಾದ ತರಬೇತಿ.

ಕಾರು, ಲಾರಿ ಓಡಿಸುವ ಲೈಸೆನ್ಸ್ ಇದಕ್ಕೆ ಬದಲಿಯಾಗದು. 1988ರ ಮೋಟಾರು ವಾಹನ ಕಾಯ್ದೆಯೇ, ಕಾರ್ಖಾನೆ ಅಥವಾ ಆವರಣದೊಳಗೆ ಮಾತ್ರ ಬಳಸಲೆಂದು ರೂಪಿಸಿದ ವಿಶೇಷ ವಾಹನಗಳನ್ನು ಮೋಟಾರು ವಾಹನದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅಂದರೆ ಗೋದಾಮಿನೊಳಗೆ ಏನಾಗುತ್ತದೆ ಎಂಬುದನ್ನು ರಸ್ತೆಯ ಲೈಸೆನ್ಸ್ ಪರೀಕ್ಷಿಸಿಯೇ ಇರುವುದಿಲ್ಲ. ಆ ಹೊಣೆ ಸಂಸ್ಥೆಯ ಮಾಲೀಕರದು. 1948ರ ಕಾರ್ಖಾನೆ ಕಾಯ್ದೆಗೆ 1987ರಲ್ಲಿ ಸೇರಿಸಿದ 7ಎ ಕಲಂ, ಕೆಲಸಗಾರರಿಗೆ ಮಾಹಿತಿ, ತರಬೇತಿ, ಮೇಲ್ವಿಚಾರಣೆ ಒದಗಿಸುವುದನ್ನು ಕಾರ್ಖಾನೆಯ ಅಧಿಭೋಗದಾರರ ಕರ್ತವ್ಯವಾಗಿಸಿತು; ಅದೇ ತಿದ್ದುಪಡಿಯ 111ಎ ಕಲಂ ಸುರಕ್ಷತಾ ತರಬೇತಿ ಪಡೆಯುವುದನ್ನು ಕೆಲಸಗಾರರ ಹಕ್ಕಾಗಿ ಹೇಳಿತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯೂ ತರಬೇತಿಯ ಹೊಣೆಯನ್ನು ಮಾಲೀಕರ ಮೇಲೆಯೇ ಇರಿಸಿದೆ.

ಯಂತ್ರ ಪಲ್ಟಿಯಾಗುವುದೇಕೆ

1917ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಬುಕ್ಯಾನನ್ ಊರಿನಲ್ಲಿ ಕ್ಲಾರ್ಕ್ ಸಂಸ್ಥೆ ತನ್ನ ಕಾರ್ಖಾನೆಯೊಳಗಿನ ಸಾಗಣೆಗೆಂದು 'ಟ್ರಕ್‌ಟ್ರ್ಯಾಕ್ಟರ್' ಎಂಬ ಬಂಡಿಯನ್ನು ಮಾಡಿಕೊಂಡಿತು. ಇಂದಿನ ಫೋರ್ಕ್‌ಲಿಫ್ಟ್‌ಗಳ ವಂಶ ಹೆಚ್ಚುಕಡಿಮೆ ಅಲ್ಲಿಂದ ಬೆಳೆದದ್ದು. ನೂರು ವರ್ಷಗಳಲ್ಲಿ ಎಂಜಿನ್, ಬ್ಯಾಟರಿ, ಕ್ಯಾಮೆರಾ ಎಲ್ಲ ಬಂದಿವೆ. ತೂಕದ ಲೆಕ್ಕ ಮಾತ್ರ ಬದಲಾಗಿಲ್ಲ. ತರಬೇತಿ ಶುರುವಾಗಬೇಕಾದದ್ದು ಈ ಲೆಕ್ಕದಿಂದ. ಕಾರಣ ತಿಳಿಯದೆ ಬಾಯಿಪಾಠ ಮಾಡಿದ ನಿಯಮ, ಲಾರಿ ಕಾಯುತ್ತಿರುವಾಗ, ಸೂಪರ್‌ವೈಸರ್ ಅವಸರ ಮಾಡುವಾಗ ಮೊದಲು ಮರೆತುಹೋಗುತ್ತದೆ.

ಕೌಂಟರ್‌ಬ್ಯಾಲೆನ್ಸ್ ಫೋರ್ಕ್‌ಲಿಫ್ಟ್ ಕೆಲಸ ಮಾಡುವುದು ತಕ್ಕಡಿಯ ಹಾಗೆ. ಮುಂದಿನ ಚಕ್ರಗಳ ಅಚ್ಚು ಅದರ ನಡುಕೀಲು. ಒಂದು ಕಡೆ ಫೋರ್ಕಿನ ಮೇಲಿನ ಲೋಡ್, ಇನ್ನೊಂದು ಕಡೆ ಯಂತ್ರದ ತೂಕ ಮತ್ತು ಹಿಂಬದಿಯ ಕೌಂಟರ್‌ವೇಟ್. ಎರಡೂವರೆ ಟನ್ ಎತ್ತುವ ಯಂತ್ರ ತಾನೇ ಮೂರೂವರೆಯಿಂದ ನಾಲ್ಕು ಟನ್ ತೂಗುವುದು ಇದೇ ಕಾರಣಕ್ಕೆ. ಆದರೆ ಲೋಡಿನ ತೂಕವೊಂದೇ ಮುಖ್ಯವಲ್ಲ. ಅದು ಅಚ್ಚಿನಿಂದ ಎಷ್ಟು ದೂರದಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಯಂತ್ರದ ಸಾಮರ್ಥ್ಯದ ಫಲಕದಲ್ಲಿ '2500 ಕೆ.ಜಿ., 500 ಮಿ.ಮೀ.' ಎಂದಿದ್ದರೆ, ಲೋಡಿನ ತೂಕದ ನಡುಬಿಂದು ಫೋರ್ಕಿನ ಬುಡದಿಂದ 500 ಮಿ.ಮೀ. ಒಳಗಿದ್ದಾಗ ಮಾತ್ರ ಅಷ್ಟು ಎತ್ತಬಹುದು ಎಂದರ್ಥ.

ಒಂದು ಲೆಕ್ಕ ನೋಡಬಹುದು. ಮುಂದಿನ ಅಚ್ಚಿನಿಂದ ಫೋರ್ಕಿನ ಬುಡಕ್ಕೆ 450 ಮಿ.ಮೀ. ಇದೆ ಎಂದುಕೊಂಡರೆ, ಯಂತ್ರ ತಡೆಯಬಲ್ಲ ಗರಿಷ್ಠ ಸೆಳೆತ 2500 × 950, ಅಂದರೆ 23,75,000. ಈಗ 1600 ಮಿ.ಮೀ. ಉದ್ದದ ಮರದ ಪೆಟ್ಟಿಗೆಯೊಂದನ್ನು ಎತ್ತಬೇಕಾಗಿದೆ. ಅದರ ನಡುಬಿಂದು 800 ಮಿ.ಮೀ. ದೂರದಲ್ಲಿರುತ್ತದೆ, ಅಚ್ಚಿನಿಂದ ಒಟ್ಟು 1250. ಭಾಗಿಸಿದರೆ ಬರುವುದು 1900 ಕೆ.ಜಿ. ಪೆಟ್ಟಿಗೆ 2200 ಕೆ.ಜಿ. ಇದ್ದರೆ ಎರಡೂವರೆ ಟನ್ನಿನ ಯಂತ್ರವೂ ಹಿಂದಿನ ಚಕ್ರ ಎತ್ತಿಬಿಡಬಹುದು. ಇದು ತತ್ತ್ವ ಅರ್ಥವಾಗಲೆಂದು ಹಾಕಿದ ಸರಳ ಲೆಕ್ಕ. ಎತ್ತರ ಹೆಚ್ಚಿದಂತೆ, ಸೈಡ್ ಶಿಫ್ಟರ್, ಕ್ಲ್ಯಾಂಪ್‌ನಂಥ ಸಲಕರಣೆ ಸೇರಿದಂತೆ ಸಾಮರ್ಥ್ಯ ಇನ್ನೂ ಇಳಿಯುತ್ತದೆ. ನಿಜವಾದ ಮಿತಿಯನ್ನು ತಯಾರಕರ ಫಲಕದಿಂದಲೇ ಓದಬೇಕು. ಫಲಕ ಅಳಿಸಿಹೋಗಿದ್ದರೆ ಯಂತ್ರ ನಿಲ್ಲಿಸಿ ಹೊಸ ಫಲಕ ಹಾಕಿಸಬೇಕು.

ಮುಗ್ಗರಿಸುವುದಕ್ಕಿಂತ ಹೆಚ್ಚು ಭಯಂಕರವಾದದ್ದು ಪಕ್ಕಕ್ಕೆ ಪಲ್ಟಿಯಾಗುವುದು. ಬಹುತೇಕ ಕೌಂಟರ್‌ಬ್ಯಾಲೆನ್ಸ್ ಯಂತ್ರಗಳಿಗೆ ನಾಲ್ಕು ಚಕ್ರಗಳಿದ್ದರೂ ಅವು ನಿಜವಾಗಿ ನಿಂತಿರುವುದು ಮೂರು ಬಿಂದುಗಳ ಮೇಲೆ: ಮುಂದಿನ ಎರಡು ಚಕ್ರಗಳು ಮತ್ತು ಹಿಂದಿನ ಅಚ್ಚಿನ ನಡುವಿನ ಕೀಲು. ಹಿಂದಿನ ಅಚ್ಚು ಆ ಕೀಲಿನ ಮೇಲೆ ತೂಗಾಡುವಂತೆ ಜೋಡಿಸಿರುವುದರಿಂದ ಯಂತ್ರ ವಾಲತೊಡಗಿದ ಗಳಿಗೆಯಲ್ಲಿ ಹಿಂದಿನ ಚಕ್ರಗಳ ಆಸರೆ ತಕ್ಷಣ ಸಿಗುವುದಿಲ್ಲ. ಈ ಮೂರು ಬಿಂದುಗಳನ್ನು ಸೇರಿಸಿದ ತ್ರಿಕೋನದೊಳಗೆ ಯಂತ್ರ ಮತ್ತು ಲೋಡಿನ ಒಟ್ಟು ಗುರುತ್ವ ಕೇಂದ್ರ ಇರುವವರೆಗೆ ಯಂತ್ರ ನಿಂತಿರುತ್ತದೆ. ಲೋಡ್ ಎತ್ತಿದಷ್ಟೂ ಆ ಕೇಂದ್ರ ಮೇಲೇರುತ್ತದೆ. ಆಗ ನೆಲದ ಸಣ್ಣ ಏರುಪೇರೂ ಅದನ್ನು ತ್ರಿಕೋನದ ಹೊರಗೆ ತಳ್ಳಬಲ್ಲದು. ತಿರುವಿನಲ್ಲಿ ವೇಗ ಎರಡರಷ್ಟಾದರೆ ಹೊರಕ್ಕೆ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ.

ಇಲ್ಲಿ ಹಲವು ಅನುಭವಿಗಳೂ ಎಡವುವ ಅಂಶವೊಂದಿದೆ. ಖಾಲಿ ಯಂತ್ರ ಸುರಕ್ಷಿತ ಎಂಬ ನಂಬಿಕೆ ತಪ್ಪು. ಲೋಡ್ ಇಲ್ಲದಾಗ ಗುರುತ್ವ ಕೇಂದ್ರ ಹಿಂದಕ್ಕೆ, ತ್ರಿಕೋನ ಕಿರಿದಾಗುವ ತುದಿಯ ಕಡೆಗೆ ಸರಿಯುತ್ತದೆ. ಲೋಡ್ ಇಳಿಸಿ ಖಾಲಿ ಬರುವಾಗ ಜೋರಾಗಿ ತಿರುಗಿಸಿದ ಯಂತ್ರ ಪಕ್ಕಕ್ಕೆ ಬೀಳುವುದು ಹೆಚ್ಚು ಸುಲಭ. 'ಖಾಲಿ ಗಾಡಿ ತಾನೇ' ಎಂಬ ಮಾತನ್ನು ತರಬೇತಿಯ ಮೊದಲ ದಿನವೇ ತಿದ್ದಬೇಕು.

ತರಬೇತಿಯ ಮೂರು ಹಂತ

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಓಷಾ ಫೋರ್ಕ್‌ಲಿಫ್ಟ್‌ಗಳನ್ನು ಏಳು ವರ್ಗಗಳಾಗಿ ವಿಂಗಡಿಸಿ, ಪಾಠ, ಪ್ರಾತ್ಯಕ್ಷಿಕೆ, ಮೌಲ್ಯಮಾಪನ ಮೂರೂ ಇರಬೇಕೆಂದು ಹೇಳುತ್ತದೆ. ಬ್ರಿಟನ್ನಿನ ಪದ್ಧತಿ ಇದನ್ನೇ ಮೂರು ಹಂತವಾಗಿ ಮಾಡಿದೆ. ಭಾರತದ ಗೋದಾಮುಗಳಿಗೆ ಈ ಎರಡನೆಯ ವಿಂಗಡಣೆ ಹೆಚ್ಚು ಹೊಂದುತ್ತದೆ. ಏಕೆಂದರೆ ಇಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಎರಡನೆಯ ಮತ್ತು ಮೂರನೆಯ ಹಂತಗಳೇ.

ಮೊದಲನೆಯದು ಮೂಲ ತರಬೇತಿ. ಕೆಲಸದ ಒತ್ತಡದಿಂದ ದೂರ, ಬೇರೆ ಜಾಗದಲ್ಲಿ, ಯಂತ್ರದ ತತ್ತ್ವ ಮತ್ತು ಚಾಲನೆ ಕಲಿಸುವುದು. ಎರಡನೆಯದು ನಿರ್ದಿಷ್ಟ ತರಬೇತಿ: ಆಪರೇಟರ್ ಮುಂದೆ ಬಳಸಲಿರುವ ಅದೇ ಯಂತ್ರ, ಅದೇ ಬಗೆಯ ಲೋಡ್, ಅದೇ ರ‍್ಯಾಕು, ಅದೇ ರ‍್ಯಾಂಪು. ಪ್ಲಾಸ್ಟಿಕ್ ಡ್ರಮ್ ಎತ್ತುವುದಕ್ಕೂ ಕಾಗದದ ಸುರುಳಿ ಎತ್ತುವುದಕ್ಕೂ ಸಕ್ಕರೆ ಮೂಟೆಯ ಪ್ಯಾಲೆಟ್ ಎತ್ತುವುದಕ್ಕೂ ವ್ಯತ್ಯಾಸವಿದೆ. ಮೂರನೆಯದು ಪರಿಚಯದ ಹಂತ: ನಡೆಯುತ್ತಿರುವ ಕೆಲಸದ ನಡುವೆ, ಅನುಭವಿಯೊಬ್ಬರ ಕಣ್ಗಾವಲಿನಲ್ಲಿ ಓಡಿಸುವುದು. ಬ್ರಿಟನ್ನಿನಲ್ಲಿ ಏನೂ ತಿಳಿಯದ ಹೊಸಬರಿಗೆ ಕೌಂಟರ್‌ಬ್ಯಾಲೆನ್ಸ್ ಯಂತ್ರದ ಮೂಲ ಕೋರ್ಸ್ ಸಾಮಾನ್ಯವಾಗಿ ಐದು ದಿನದ್ದು. ಒಬ್ಬ ತರಬೇತುದಾರರಿಗೆ, ಒಂದು ಯಂತ್ರಕ್ಕೆ ಮೂವರಿಗಿಂತ ಹೆಚ್ಚು ಕಲಿಯುವವರು ಇರಕೂಡದೆಂಬುದೂ ಅಲ್ಲಿನ ಕಟ್ಟಳೆ. ಇಪ್ಪತ್ತು ಜನರನ್ನು ಕೂರಿಸಿ ಅರ್ಧ ದಿನ ಸ್ಲೈಡ್ ತೋರಿಸಿ ಸಹಿ ಹಾಕಿಸಿಕೊಳ್ಳುವುದು ತರಬೇತಿಯಲ್ಲ, ಕಾಗದ ತುಂಬಿಸುವ ಕೆಲಸ.

ಭಾಷೆಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಕರ್ನಾಟಕದ ಗೋದಾಮುಗಳಲ್ಲಿ ಕನ್ನಡಿಗರ ಜೊತೆಗೆ ಒಡಿಶಾ, ಬಿಹಾರ, ಅಸ್ಸಾಂನಿಂದ ಬಂದವರೂ ಯಂತ್ರ ಓಡಿಸುತ್ತಾರೆ. ಯಂತ್ರದ ಫಲಕ, ಕೈಪಿಡಿ ಇಂಗ್ಲಿಷಿನಲ್ಲಿರುತ್ತವೆ. ಕಲಿಯುವವರಿಗೆ ಅರ್ಥವಾಗುವ ಭಾಷೆಯಲ್ಲಿ ಪಾಠ ನಡೆಯಬೇಕು. ಓದಲು ಕಷ್ಟವಿರುವವರಿಗೆ ಪರೀಕ್ಷೆಯನ್ನು ಬಾಯಿಮಾತಿನಲ್ಲಿ ನಡೆಸಬೇಕು.

ಪ್ರಾತ್ಯಕ್ಷಿಕೆಯ ಕ್ರಮ ಹೀಗಿದ್ದರೆ ಒಳ್ಳೆಯದು:

1. ಯಂತ್ರ ಚಾಲೂ ಮಾಡುವ ಮುನ್ನ ಸುತ್ತಲೂ ನಡೆದು ತಪಾಸಣೆ. ಇಳಿಯುವ, ಹತ್ತುವ ಸರಿಯಾದ ರೀತಿ: ಎರಡು ಕೈ ಒಂದು ಕಾಲು, ಅಥವಾ ಎರಡು ಕಾಲು ಒಂದು ಕೈ ಸದಾ ಯಂತ್ರಕ್ಕೆ ತಾಗಿರಬೇಕು.
2. ಖಾಲಿ ಮೈದಾನದಲ್ಲಿ ಲೋಡ್ ಇಲ್ಲದೆ ಮುಂದೆ, ಹಿಂದೆ. ಗೆರೆಯ ಬಳಿ ಸರಿಯಾಗಿ ನಿಲ್ಲಿಸುವುದು.
3. ಕೋನ್‌ಗಳ ನಡುವೆ ಎಂಟರ ಆಕಾರದಲ್ಲಿ ಓಟ. ಫೋರ್ಕ್‌ಲಿಫ್ಟ್ ಹಿಂದಿನ ಚಕ್ರದಿಂದ ತಿರುಗುವುದರಿಂದ ಹಿಂಬದಿ ಹೊರಕ್ಕೆ ಬೀಸುತ್ತದೆ. ಕಾರು ಓಡಿಸಿ ಬಂದವರು ಮೊದಲು ಕೋನ್ ಉರುಳಿಸುವುದು ಹಿಂಬದಿಯಿಂದಲೇ. ನಿಜವಾದ ಗೋದಾಮಿನಲ್ಲಿ ಆ ಕೋನ್ ಇರುವ ಜಾಗದಲ್ಲಿ ಮನುಷ್ಯ ನಿಂತಿರುತ್ತಾನೆ.
4. ಖಾಲಿ ಪ್ಯಾಲೆಟ್ ಎತ್ತಿ ಇಳಿಸುವುದು, ಒಂದರ ಮೇಲೊಂದು ಜೋಡಿಸುವುದು. ಆಮೇಲೆ ಹಗುರ ಲೋಡ್, ಆಮೇಲೆ ಭಾರದ್ದು.
5. ಲೋಡ್ ಮುಂದಿನ ನೋಟವನ್ನು ಮರೆಮಾಡಿದಾಗ ಹಿಮ್ಮುಖವಾಗಿ ಸಾಗುವುದು, ಸಾಗುವ ದಿಕ್ಕಿನತ್ತಲೇ ಕತ್ತು ತಿರುಗಿಸಿ ನೋಡುವುದು.
6. ರ‍್ಯಾಕಿನ ಕೆಳಹಂತ, ನಡುಹಂತ, ಕೊನೆಗೆ ಮೇಲಿನ ಹಂತ.
7. ರ‍್ಯಾಂಪು, ಡಾಕ್, ಲಾರಿಯ ಒಡಲು, ಕಂಟೇನರ್. ಇವು ಕೊನೆಯಲ್ಲೇ ಬರಬೇಕು.

ಒಂದು ಹಂತ ಗಟ್ಟಿಯಾಗದೆ ಮುಂದಿನದಕ್ಕೆ ಹೋಗಬಾರದು. ಕೆಲವರಿಗೆ ಮೂರನೆಯ ಹಂತಕ್ಕೇ ಎರಡು ದಿನ ಬೇಕಾಗುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಕೌಂಟರ್‌ಬ್ಯಾಲೆನ್ಸ್ ಯಂತ್ರ

ಸಾಗುವಾಗ ಫೋರ್ಕು ನೆಲದಿಂದ 15 ಸೆಂ.ಮೀ. ಆಸುಪಾಸಿನಲ್ಲಿ, ಫೋರ್ಕು ಏರಿಳಿಯುವ ಕಂಬವಾದ ಮಾಸ್ಟ್ ಹಿಂದಕ್ಕೆ ವಾಲಿರಬೇಕು. ಎತ್ತಿದ ಲೋಡಿನೊಡನೆ ದೂರ ಸಾಗುವುದು, ತಿರುಗಿಸುವುದು ಪೂರ್ತಿ ನಿಷಿದ್ಧ. ಎತ್ತರದಲ್ಲಿ ಲೋಡ್ ಇರುವಾಗ ಮಾಸ್ಟನ್ನು ಮುಂದಕ್ಕೆ ವಾಲಿಸುವುದು ರ‍್ಯಾಕಿನ ಮೇಲೆ ಲೋಡ್ ಇಡುವ ಕ್ಷಣದಲ್ಲಿ ಮಾತ್ರ, ಅದೂ ನಿಧಾನವಾಗಿ.

ರ‍್ಯಾಂಪಿನ ನಿಯಮ ತೂಕದ ಲೆಕ್ಕದಿಂದಲೇ ಹುಟ್ಟಿದ್ದು. ಲೋಡ್ ಇದ್ದಾಗ ಅದು ಸದಾ ಏರಿನ ಕಡೆಗಿರಬೇಕು: ಹತ್ತುವಾಗ ಮುಮ್ಮುಖ, ಇಳಿಯುವಾಗ ಹಿಮ್ಮುಖ. ಇಲ್ಲವಾದರೆ ಲೋಡ್ ಫೋರ್ಕಿನಿಂದ ಜಾರುತ್ತದೆ, ಅಥವಾ ಯಂತ್ರವೇ ಮುಗ್ಗರಿಸುತ್ತದೆ. ಖಾಲಿ ಇದ್ದಾಗ ಭಾರವೆಲ್ಲ ಹಿಂಬದಿಯಲ್ಲಿ, ಕೌಂಟರ್‌ವೇಟಿನಲ್ಲಿ ಇರುವುದರಿಂದ ಫೋರ್ಕು ಇಳಿಜಾರಿನ ಕಡೆಗಿರಬೇಕು. ಲೋಡ್ ಇರಲಿ, ಇಲ್ಲದಿರಲಿ, ರ‍್ಯಾಂಪಿನ ಮೇಲೆ ತಿರುಗಿಸಬಾರದು.

ಪಲ್ಟಿಯಾಗುವಾಗ ಮನುಷ್ಯನ ಸಹಜ ಪ್ರವೃತ್ತಿ ಹಾರಿಕೊಳ್ಳುವುದು. ಹಾರಿದವರು ಬೀಳುವುದು ಯಂತ್ರ ಬೀಳುತ್ತಿರುವ ಕಡೆಗೇ. ತಲೆಯ ಮೇಲಿನ ರಕ್ಷಣಾ ಚೌಕಟ್ಟು ಅವರ ಮೇಲೆಯೇ ಬೀಳುತ್ತದೆ. ಸೀಟ್ ಬೆಲ್ಟ್ ಇರುವುದು ಈ ಪ್ರವೃತ್ತಿಯನ್ನು ತಡೆಯಲೆಂದೇ. ಕಲಿಸಬೇಕಾದದ್ದು ಇಷ್ಟು: ಬೆಲ್ಟ್ ಬಿಚ್ಚಬಾರದು, ಸ್ಟೀರಿಂಗ್ ಬಿಗಿಯಾಗಿ ಹಿಡಿಯಬೇಕು, ಕಾಲುಗಳನ್ನು ಯಂತ್ರದೊಳಗೇ ಅದರ ತಳಕ್ಕೆ ಊರಬೇಕು, ಬೀಳುತ್ತಿರುವ ದಿಕ್ಕಿಗೆ ವಿರುದ್ಧವಾಗಿ ವಾಲಬೇಕು. ನಿಲ್ಲಿಸಿದ ಯಂತ್ರದಲ್ಲಿ ಕೂರಿಸಿ ಇದನ್ನು ಹತ್ತಾರು ಸಲ ಮಾಡಿಸಬೇಕು. ಪಲ್ಟಿಯಾಗುವ ಗಳಿಗೆಯಲ್ಲಿ ಯೋಚಿಸಲು ಸಮಯ ಸಿಗುವುದಿಲ್ಲ.

ರೀಚ್ ಟ್ರಕ್

ಇಕ್ಕಟ್ಟಾದ ಓಣಿಗಳಲ್ಲಿ, ಹತ್ತು ಮೀಟರಿಗೂ ಮೇಲ್ಪಟ್ಟ ಎತ್ತರದಲ್ಲಿ ಪ್ಯಾಲೆಟ್ ಇಡುವ ಯಂತ್ರವಿದು. ಮಾಸ್ಟ್ ಒಳಗೆಳೆದಾಗ ಲೋಡ್ ಚಕ್ರಗಳ ನಡುವೆಯೇ ಬರುವುದರಿಂದ ದೊಡ್ಡ ಕೌಂಟರ್‌ವೇಟಿನ ಅಗತ್ಯವಿಲ್ಲ. ಮಾಸ್ಟ್ ಹೊರಗೆ ಚಾಚಿದೊಡನೆ ಈ ಅನುಕೂಲ ಮಾಯವಾಗುತ್ತದೆ. ಮಾಸ್ಟ್ ಚಾಚಿಕೊಂಡು ಸಾಗಬಾರದು ಎಂಬ ನಿಯಮದ ಹಿಂದಿನ ಕಾರಣ ಇಷ್ಟೇ.

ಕೌಂಟರ್‌ಬ್ಯಾಲೆನ್ಸ್ ಯಂತ್ರದಿಂದ ಬಂದವರಿಗೆ ರೀಚ್ ಟ್ರಕ್ಕಿನಲ್ಲಿ ಮೂರು ತೊಡಕುಗಳು ಎದುರಾಗುತ್ತವೆ. ಮೊದಲನೆಯದು ಅಡ್ಡ ಕುಳಿತು ಓಡಿಸುವುದು. ಎರಡನೆಯದು ಸ್ಟೀರಿಂಗ್: ಕೆಲವು ಮಾದರಿಗಳಲ್ಲಿ ತಿರುಗಿಸುವ ದಿಕ್ಕಿನ ಅನುಭವವೇ ತಿರುಗುಮುರುಗಾಗಿರುತ್ತದೆ, ಕೆಲವದರಲ್ಲಿ ಅದನ್ನು ಬದಲಾಯಿಸಿಕೊಳ್ಳಲೂಬಹುದು. ಹಿಂದಿನ ಶಿಫ್ಟಿನವರು ಬದಲಾಯಿಸಿಟ್ಟದ್ದನ್ನು ಗಮನಿಸದೆ ಹೊರಟರೆ ಮೊದಲ ತಿರುವಿನಲ್ಲೇ ರ‍್ಯಾಕಿಗೆ ಗುದ್ದು. ಮೂರನೆಯದು ಎತ್ತರದ ಅಂದಾಜು. ಹತ್ತು ಮೀಟರ್ ಮೇಲಿನ ಫೋರ್ಕಿನ ತುದಿ ಪ್ಯಾಲೆಟಿನೊಳಗೆ ಎಷ್ಟು ಹೋಗಿದೆ ಎಂಬುದು ಕೆಳಗಿನಿಂದ ಸರಿಯಾಗಿ ಕಾಣುವುದಿಲ್ಲ. ಮಾಸ್ಟ್ ಓಲಾಡುವುದು ನಿಂತ ಮೇಲೆಯೇ ಚಾಚಬೇಕು, ಎಳೆದುಕೊಳ್ಳಬೇಕು. ಕ್ಯಾಮೆರಾ ಇದ್ದರೂ ಅದಿಲ್ಲದೆ ಕೆಲಸ ಮಾಡುವುದು ಮೊದಲು ಗೊತ್ತಿರಬೇಕು.

ದೇಹದ ಯಾವ ಭಾಗವೂ ಚಾಲಕನ ಜಾಗದಿಂದ ಹೊರಗೆ ಚಾಚಿರಬಾರದು. ಓಣಿಯ ಅಂಚಿನಲ್ಲಿ ರ‍್ಯಾಕಿನ ಕಂಬಕ್ಕೂ ಯಂತ್ರಕ್ಕೂ ನಡುವೆ ಉಳಿಯುವ ಜಾಗ ಕೆಲವೇ ಸೆಂಟಿಮೀಟರ್. ನಿಂತು ಓಡಿಸುವ ಮಾದರಿಗಳಲ್ಲಿ ಹಿಂದಕ್ಕೆ ಬರುವಾಗ ರ‍್ಯಾಕಿನ ಅಡ್ಡತೊಲೆ ಚಾಲಕನ ಜಾಗದೊಳಗೇ ನುಗ್ಗುವ ಅಪಾಯವೂ ಇದೆ.

ರ‍್ಯಾಕಿಗೆ ಸಣ್ಣ ಗುದ್ದು ಬಿದ್ದರೂ ತಿಳಿಸಬೇಕು, ತಿಳಿಸಿದವರಿಗೆ ದಂಡ ಹಾಕಬಾರದು. ಇದು ತರಬೇತಿಯಷ್ಟೇ ಮುಖ್ಯ. ಸಂಬಳ ಕಡಿತದ ಹೆದರಿಕೆಯಿಂದ ಮುಚ್ಚಿಟ್ಟ ಬಾಗಿದ ಕಂಬವೊಂದು ಮುಂದೆ ಇಡೀ ಸಾಲನ್ನೇ ಕುಸಿಯಿಸಬಲ್ಲದು.

ಪ್ಯಾಲೆಟ್ ಟ್ರಕ್ ಮತ್ತು ಸ್ಟ್ಯಾಕರ್

ಚಿಕ್ಕದೆಂಬ ಕಾರಣಕ್ಕೆ ತರಬೇತಿಯೇ ಇಲ್ಲದೆ ಯಾರ ಕೈಗೆ ಬೇಕಾದರೂ ಸಿಗುವ ಯಂತ್ರಗಳಿವು. ಹಮಾಲರು, ಹೊಸದಾಗಿ ಸೇರಿದ ಹುಡುಗರು, ಒಮ್ಮೊಮ್ಮೆ ಲಾರಿ ಕ್ಲೀನರ್‌ಗಳೂ ಎಳೆದುಕೊಂಡು ಹೋಗುವುದುಂಟು. ಇವುಗಳಿಂದಾಗುವ ಗಾಯ ಹೆಚ್ಚಾಗಿ ಪಾದ ಮತ್ತು ಹಿಮ್ಮಡಿಗೆ. ಚಪ್ಪಲಿ ಹಾಕಿ ಬ್ಯಾಟರಿ ಪ್ಯಾಲೆಟ್ ಟ್ರಕ್ ಮುಟ್ಟಕೂಡದು. ಉಕ್ಕಿನ ಮೂತಿಯ ಸೇಫ್ಟಿ ಶೂ ಬೇಕೇ ಬೇಕು.

ಹಿಡಿಕೆಯ ತುದಿಯಲ್ಲಿರುವ ದೊಡ್ಡ ಗುಂಡಿಯನ್ನು ಪ್ರತಿ ಶಿಫ್ಟಿನ ಶುರುವಿನಲ್ಲಿ ಪರೀಕ್ಷಿಸಬೇಕು. ಆಪರೇಟರ್ ಗೋಡೆಗೋ ರ‍್ಯಾಕಿಗೋ ಒತ್ತಿಕೊಂಡಾಗ ಆ ಗುಂಡಿ ಹೊಟ್ಟೆಗೆ ತಾಗಿ ಯಂತ್ರ ತಾನಾಗಿ ದಿಕ್ಕು ಬದಲಿಸುವಂತೆ ಮಾಡಿದ್ದಾರೆ. ಹಿಡಿಕೆಯನ್ನು ಬಿಟ್ಟೊಡನೆ ಅದು ನೆಟ್ಟಗಾಗಿ ಬ್ರೇಕ್ ಬೀಳಬೇಕು. ಬೀಳದಿದ್ದರೆ ಯಂತ್ರ ರಿಪೇರಿಗೆ. ಇಳಿಜಾರಿನಲ್ಲಿ ನಡೆಯುವಾಗ ಆಪರೇಟರ್ ಎಂದೂ ಲೋಡಿನ ಕೆಳಗಡೆ ಇರಬಾರದು. ಕೈಯಿಂದ ಪಂಪ್ ಮಾಡುವ ಹ್ಯಾಂಡ್ ಪ್ಯಾಲೆಟ್ ಟ್ರಕ್ಕಿಗೂ ಇದೇ ನಿಯಮ. ಅವುಗಳಲ್ಲಿ ಹಲವಕ್ಕೆ ಬ್ರೇಕೇ ಇರುವುದಿಲ್ಲವಾದ್ದರಿಂದ ಇನ್ನೂ ಹೆಚ್ಚಾಗಿ. ಅದರ ಮೇಲೆ ನಿಂತು ಜಾರುಬಂಡಿ ಆಡುವುದನ್ನು ಕಂಡಲ್ಲೇ ನಿಲ್ಲಿಸಬೇಕು.

ಆರ್ಡರ್ ಪಿಕರ್

ಇಲ್ಲಿ ಲೋಡಿನ ಜೊತೆ ಮನುಷ್ಯನೂ ಮೇಲೇರುತ್ತಾನೆ. ಹಾಗಾಗಿ ಇದು ಫೋರ್ಕ್‌ಲಿಫ್ಟ್ ತರಬೇತಿಯೂ ಹೌದು, ಎತ್ತರದ ಕೆಲಸದ ತರಬೇತಿಯೂ ಹೌದು. ತಯಾರಕರು ಸೂಚಿಸಿದ ಬಿಂದುವಿಗೆ ಸೇಫ್ಟಿ ಹಾರ್ನೆಸ್ ಕಟ್ಟಿಕೊಳ್ಳದೆ ವೇದಿಕೆ ಏರಿಸಬಾರದು. ಪೆಟ್ಟಿಗೆ ಸ್ವಲ್ಪ ಒಳಗಿದೆ ಎಂದು ವೇದಿಕೆಯಿಂದ ರ‍್ಯಾಕಿನ ಮೇಲೆ ಕಾಲಿಡುವುದು ಅತಿ ಸಾಮಾನ್ಯ ತಪ್ಪು, ಅತಿ ಅಪಾಯದ್ದೂ ಹೌದು. ಹಾರ್ನೆಸ್‌ನಲ್ಲಿ ನೇತಾಡುತ್ತಿರುವವರನ್ನು ಕೆಳಗಿಳಿಸುವುದು ಹೇಗೆ, ಕೆಳಗಿನಿಂದ ವೇದಿಕೆ ಇಳಿಸುವ ತುರ್ತು ಕವಾಟ ಎಲ್ಲಿದೆ ಎಂಬುದು ಆಪರೇಟರ್ ಒಬ್ಬರಿಗೇ ಗೊತ್ತಿದ್ದರೆ ಸಾಲದು. ಮೇಲೆ ಸಿಕ್ಕಿಬಿದ್ದವರು ಅವರೇ ಆಗಿರುತ್ತಾರೆ. ಕೆಳಗಿರುವ ಸಹೋದ್ಯೋಗಿಗಳಿಗೆ ಅದನ್ನು ಮಾಡಿ ತೋರಿಸಿ ಅಭ್ಯಾಸ ಮಾಡಿಸಬೇಕು.

ಟೆಲಿಹ್ಯಾಂಡ್ಲರ್ ಮತ್ತು ಒರಟು ನೆಲದ ಯಂತ್ರಗಳು

ತೋಳು ಚಾಚಿದಷ್ಟೂ, ಇಳಿಸಿದಷ್ಟೂ ಇವುಗಳ ಸಾಮರ್ಥ್ಯ ಬದಲಾಗುತ್ತಾ ಹೋಗುತ್ತದೆ. ಅದಕ್ಕೇ ಒಂದು ಸಂಖ್ಯೆಯ ಫಲಕದ ಬದಲು ಲೋಡ್ ಚಾರ್ಟ್ ಇರುತ್ತದೆ. ಚಾರ್ಟ್ ಓದಲು ಬರದವರಿಗೆ ಈ ಯಂತ್ರ ಕೊಡಬಾರದು. ಎತ್ತುವ ಮುನ್ನ ಯಂತ್ರವನ್ನು ಸಮಮಟ್ಟಕ್ಕೆ ತರಬೇಕು, ಟೈರಿನ ಗಾಳಿ ನೋಡಬೇಕು. ಮಳೆಗಾಲದಲ್ಲಿ ತುಂಬಿಸಿದ ಮಣ್ಣಿನ ಅಂಚು ಕುಸಿಯುತ್ತದೆ, ಮೇಲೆ ವಿದ್ಯುತ್ ತಂತಿ ಇರುತ್ತದೆ. ಎರಡನ್ನೂ ಕೆಲಸ ಶುರುವಾಗುವ ಮೊದಲು ನಡೆದು ನೋಡಿ ಗುರುತಿಸಬೇಕು.

ಶಿಫ್ಟಿನ ಶುರುವಿನ ತಪಾಸಣೆ

ಐದಾರು ನಿಮಿಷದ ಈ ತಪಾಸಣೆಯನ್ನು ಬಿಟ್ಟುಬಿಡುವವರೇ ಹೆಚ್ಚು. ಟೈರು, ಚಕ್ರದ ನಟ್ಟು, ಹೈಡ್ರಾಲಿಕ್ ಎಣ್ಣೆಯ ಸೋರಿಕೆ, ಹಾರ್ನ್, ಲೈಟು, ರಿವರ್ಸ್ ಬಜರ್, ಸೀಟ್ ಬೆಲ್ಟ್, ಬ್ರೇಕ್, ಸ್ಟೀರಿಂಗ್ ಇವೆಲ್ಲ ಪಟ್ಟಿಯಲ್ಲಿರುತ್ತವೆ. ಹೆಚ್ಚು ಗಮನ ಬೇಕಾದದ್ದು ಫೋರ್ಕು ಮತ್ತು ಮಾಸ್ಟಿನ ಚೈನಿಗೆ. ಫೋರ್ಕು ಬಾಗುವ ಬುಡದಲ್ಲಿ ಬಿರುಕಿದೆಯೇ ನೋಡಬೇಕು. ಅಲ್ಲಿನ ದಪ್ಪ ಮೂಲದ ಶೇಕಡಾ 10ರಷ್ಟು ಸವೆದಿದ್ದರೆ ಫೋರ್ಕು ಬದಲಿಸಬೇಕು. ಅಷ್ಟು ಸವೆತಕ್ಕೆ ಅದರ ಬಲ ಸುಮಾರು ಶೇಕಡಾ 20ರಷ್ಟು ಕುಗ್ಗಿರುತ್ತದೆ. ಚೈನ್ ಶೇಕಡಾ 3ರಷ್ಟು ಉದ್ದವಾಗಿದ್ದರೆ ಅದಕ್ಕೂ ಅದೇ ಗತಿ. ಸೋರಿಕೆ ಹುಡುಕಲು ಕೈ ಸವರಬಾರದು: ಒತ್ತಡದ ಎಣ್ಣೆ ಚರ್ಮದೊಳಗೆ ತೂರಿದರೆ ಅದು ಆಸ್ಪತ್ರೆಯ ತುರ್ತು ಪ್ರಕರಣ. ರಟ್ಟಿನ ತುಂಡು ಹಿಡಿದು ನೋಡಬೇಕು.

ದೋಷ ಕಂಡರೆ ಕೀ ತೆಗೆದು, ಚೀಟಿ ಕಟ್ಟಿ, ತಿಳಿಸಬೇಕು. 'ಈ ಒಂದು ಲಾರಿ ಖಾಲಿ ಮಾಡಿ ಆಮೇಲೆ ನೋಡೋಣ' ಎನ್ನುವ ಸೂಪರ್‌ವೈಸರ್‌ಗೆ ಇಲ್ಲ ಎನ್ನುವ ಅಧಿಕಾರ ಆಪರೇಟರ್‌ಗೆ ಇರಬೇಕು, ಅದು ಬರಹದಲ್ಲಿರಬೇಕು.

ಬ್ಯಾಟರಿ, ಗ್ಯಾಸ್, ಹೊಗೆ

ಲೆಡ್ ಆ್ಯಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಶೇಕಡಾ 4ರಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಚಾರ್ಜಿಂಗ್ ಜಾಗದಲ್ಲಿ ಗಾಳಿಯಾಡಬೇಕು, ಬೀಡಿ ಸಿಗರೇಟು ಕೂಡದು, ಕೈಯ ಉಂಗುರ, ಕಡಗ ತೆಗೆದಿಡಬೇಕು, ಕಣ್ಣು ತೊಳೆಯುವ ನೀರಿನ ವ್ಯವಸ್ಥೆ ಹತ್ತಿರವೇ ಇರಬೇಕು. ಡಿಸ್ಟಿಲ್ಡ್ ವಾಟರ್ ತುಂಬುವುದು ಚಾರ್ಜ್ ಮುಗಿದ ಮೇಲೆ; ಮೊದಲೇ ತುಂಬಿದರೆ ಆ್ಯಸಿಡ್ ಉಕ್ಕಿ ಹರಿಯುತ್ತದೆ. ಲಿಥಿಯಂ ಬ್ಯಾಟರಿಗೆ ಈ ಗೋಜಲಿಲ್ಲ, ಆದರೆ ಅದರದೇ ಚಾರ್ಜರ್ ಬಳಸಬೇಕು. ಹಳೆಯ ಬ್ಯಾಟರಿಯ ಜಾಗಕ್ಕೆ ಹಗುರವಾದ ಲಿಥಿಯಂ ಬ್ಯಾಟರಿ ಹಾಕಿಸುವುದಾದರೆ ತಯಾರಕರನ್ನು ಕೇಳಲೇಬೇಕು. ಬ್ಯಾಟರಿಯ ತೂಕ ಯಂತ್ರದ ಕೌಂಟರ್‌ವೇಟಿನ ಒಂದು ಭಾಗ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಗುಂಡಿ, ಚರಂಡಿಗಳಲ್ಲಿ ತಂಗುತ್ತದೆ. ಸಿಲಿಂಡರ್ ಬದಲಿಸುವುದು ಕೈಗವಸು ಹಾಕಿ, ಬಯಲಲ್ಲಿ. ಎಲ್‌ಪಿಜಿ ಎಂಜಿನ್ ಸರಿಯಾಗಿ ಟ್ಯೂನ್ ಆಗಿಲ್ಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಉಗುಳುತ್ತದೆ. ಡೀಸೆಲ್ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಮುಚ್ಚಿದ ಗೋದಾಮಿನಲ್ಲಿ ಡೀಸೆಲ್ ಯಂತ್ರ ಓಡಿಸುವುದನ್ನು ಬಿಡುವುದೇ ಸರಿ.

ಸಾಮಾನ್ಯ ತಪ್ಪುಗಳು

ಬಲ್ಬ್ ಬದಲಿಸಲು, ಮೇಲಿನ ಪೆಟ್ಟಿಗೆ ತೆಗೆಯಲು ಪ್ಯಾಲೆಟ್ ಮೇಲೆ ಮನುಷ್ಯರನ್ನು ನಿಲ್ಲಿಸಿ ಎತ್ತುವುದು. ಹಿಂದಿನ ಚಕ್ರ ಏಳುತ್ತಿದೆಯೆಂದು ಕೌಂಟರ್‌ವೇಟ್ ಮೇಲೆ ಇಬ್ಬರನ್ನು ಕೂರಿಸುವುದು. ಇದು ಇಂದಿಗೂ ನಡೆಯುತ್ತಿದೆ. ಎತ್ತಿದ ಫೋರ್ಕಿನ ಕೆಳಗೆ ನಡೆಯುವುದು. ಒಬ್ಬರೇ ಕೂರುವ ಯಂತ್ರದಲ್ಲಿ ಇನ್ನೊಬ್ಬರಿಗೆ ಲಿಫ್ಟ್ ಕೊಡುವುದು. ಟೀ ವಿರಾಮಕ್ಕೆ ಹೋಗುವಾಗ ಫೋರ್ಕು ಎತ್ತಿಟ್ಟು, ಕೀ ಬಿಟ್ಟು ಇಳಿಯುವುದು. ಫೋರ್ಕು ಪೂರ್ತಿ ನೆಲಕ್ಕೆ, ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಕೀ ಜೇಬಿಗೆ: ಯಂತ್ರ ಬಿಟ್ಟು ಹೋಗುವಾಗ ಇಷ್ಟು ಆಗಲೇಬೇಕು.

ಡಾಕ್‌ನಲ್ಲಿ ಆಗುವ ತಪ್ಪು ಬೇರೆಯದೇ. ಫೋರ್ಕ್‌ಲಿಫ್ಟ್ ಒಳಗೆ ಹೊರಗೆ ಓಡಾಡಿ ಬ್ರೇಕ್ ಹಾಕುವಾಗಲೆಲ್ಲ ಲಾರಿ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಯುತ್ತದೆ. ಡಾಕ್ ಪ್ಲೇಟಿನ ತುದಿ ಜಾರಿ ಯಂತ್ರ ನಡುವಿನ ಸಂದಿಗೆ ಬೀಳುತ್ತದೆ. ಇನ್ನೂ ಕೆಟ್ಟದ್ದೆಂದರೆ ಲೋಡ್ ಮುಗಿಯಿತೆಂದು ತಿಳಿದು ಚಾಲಕರು ಲಾರಿ ಎತ್ತಿಬಿಡುವುದು. ಚಕ್ರಕ್ಕೆ ತಡೆಗಟ್ಟೆ ಇಟ್ಟು, ಲಾರಿಯ ಕೀಯನ್ನು ಡಾಕ್ ಸೂಪರ್‌ವೈಸರ್ ಇಸಿದುಕೊಂಡ ಮೇಲೆಯೇ ಯಂತ್ರ ಒಳಹೋಗಬೇಕು. ಲಾರಿಯ ತಳದ ಹಲಗೆ ಯಂತ್ರ ಮತ್ತು ಲೋಡ್ ಎರಡರ ಒಟ್ಟು ತೂಕ ಹೊರುವಷ್ಟು ಗಟ್ಟಿಯಿದೆಯೇ ಎಂದೂ ನೋಡಬೇಕು.

ನಡೆದಾಡುವವರ ವಿಷಯದಲ್ಲಿ ಹಾರ್ನ್, ನೀಲಿ ದೀಪ, ಮೂಲೆಯ ಕನ್ನಡಿ ಎಲ್ಲವೂ ಸಹಾಯಕ. ಅವುಗಳಿಗಿಂತ ಮುಖ್ಯ ದಾರಿಯನ್ನೇ ಬೇರ್ಪಡಿಸುವುದು. ನೆಲಕ್ಕೆ ಹಳದಿ ಗೆರೆ ಎಳೆದರೆ ಸಾಲದು, ಕಬ್ಬಿಣದ ತಡೆಗಂಬಿ ಬೇಕು. ಹಮಾಲರು, ಸಫಾಯಿ ಕೆಲಸದವರು, ಲಾರಿ ಚಾಲಕರು ಆಪರೇಟರ್ ತರಬೇತಿಗೆ ಬರುವುದಿಲ್ಲ, ಆದರೆ ಅಪಾಯ ಅವರಿಗೂ ಇದೆ. ಹಿಂಬದಿ ಬೀಸುವ ಯಂತ್ರದ ಪಕ್ಕ ನಿಲ್ಲಬಾರದು, ಆಪರೇಟರ್‌ನ ಕಣ್ಣಿಗೆ ಕಣ್ಣು ಸೇರದೆ ಅಡ್ಡ ದಾಟಬಾರದು ಎಂಬುದನ್ನು ಗೇಟಿನಲ್ಲೇ ಅವರಿಗೆ ಹೇಳಬೇಕು.

ಮೌಲ್ಯಮಾಪನ ಮತ್ತು ಮರುತರಬೇತಿ

ಪರೀಕ್ಷೆ ನಡೆಯಬೇಕಾದದ್ದು ಆಪರೇಟರ್ ಓಡಿಸಲಿರುವ ಯಂತ್ರದಲ್ಲಿ, ಅದೇ ಗೋದಾಮಿನಲ್ಲಿ. ಪರೀಕ್ಷಿಸುವವರಿಗೆ ಆ ಬಗೆಯ ಯಂತ್ರದ ಅನುಭವ ಇರಬೇಕು. ತೇರ್ಗಡೆಯಾದವರಿಗೆ ಕೊಡುವ ಗುರುತಿನ ಚೀಟಿಯಲ್ಲಿ 'ಫೋರ್ಕ್‌ಲಿಫ್ಟ್ ಆಪರೇಟರ್' ಎಂದಷ್ಟೇ ಬರೆಯದೆ, ಯಾವ ಬಗೆ, ಎಷ್ಟು ಸಾಮರ್ಥ್ಯ, ಯಾವ ದಿನಾಂಕ, ಪರೀಕ್ಷಿಸಿದವರು ಯಾರು ಎಂಬುದನ್ನು ನಮೂದಿಸಬೇಕು. ರೀಚ್ ಟ್ರಕ್ಕಿನ ಮುಂದೆ ಗುರುತು ಇಲ್ಲದವರಿಗೆ ಆ ಕೀ ಸಿಗಬಾರದು. ಪಿನ್ ಅಥವಾ ಕಾರ್ಡಿನಿಂದ ಚಾಲೂ ಆಗುವ ಯಂತ್ರಗಳಲ್ಲಿ ಇದು ಸುಲಭ. ಬೇರೆ ಯಂತ್ರಗಳಿಗೆ ಕೀ ಪುಸ್ತಕ ಇಡಬೇಕು.

ಅಮೆರಿಕದ ನಿಯಮದ ಪ್ರಕಾರ ಮೂರು ವರ್ಷಕ್ಕೊಮ್ಮೆಯಾದರೂ ಪ್ರತಿ ಆಪರೇಟರ್‌ನ ಮೌಲ್ಯಮಾಪನ ಆಗಬೇಕು. ಅಷ್ಟರವರೆಗೆ ಕಾಯದೆ ಮರುತರಬೇತಿ ಕೊಡಬೇಕಾದ ಸಂದರ್ಭಗಳಿವೆ: ಅಪಘಾತವಾದಾಗ, ಕೂದಲೆಳೆಯಲ್ಲಿ ತಪ್ಪಿದಾಗ, ಅಸುರಕ್ಷಿತವಾಗಿ ಓಡಿಸುವುದು ಕಂಡಾಗ, ಬೇರೆ ಬಗೆಯ ಯಂತ್ರಕ್ಕೆ ಹಾಕಿದಾಗ, ರ‍್ಯಾಕಿನ ಎತ್ತರ, ಓಣಿಯ ಅಗಲ, ನೆಲ, ಲೋಡಿನ ಬಗೆ ಬದಲಾದಾಗ. ದೀರ್ಘ ರಜೆ ಮುಗಿಸಿ ಬಂದವರನ್ನೂ ಒಂದು ಶಿಫ್ಟ್ ಗಮನಿಸಿಯೇ ಬಿಡುವುದು ಒಳ್ಳೆಯದು. ಗುತ್ತಿಗೆ ಏಜೆನ್ಸಿ ಕಳಿಸಿದ ಆಪರೇಟರ್‌ಗಳಿಗೂ ಇದೆಲ್ಲ ಅನ್ವಯಿಸುತ್ತದೆ. ಏಜೆನ್ಸಿ ಕೊಟ್ಟ ಪ್ರಮಾಣಪತ್ರ ಮೂಲ ತರಬೇತಿಯನ್ನಷ್ಟೇ ಹೇಳಬಲ್ಲದು. ಆ ಗೋದಾಮಿನ ರ‍್ಯಾಂಪು, ಆ ಮಾದರಿಯ ರೀಚ್ ಟ್ರಕ್ಕಿನ ಸ್ಟೀರಿಂಗ್, ಆ ಡಾಕಿನ ಇಳಿಜಾರು ಇವುಗಳ ಪಾಠ ಕೆಲಸ ಶುರುವಾಗುವ ಮೊದಲು ಅಲ್ಲಿಯೇ ಆಗಬೇಕು, ದಾಖಲೆಯೂ ಅಲ್ಲಿಯೇ ಇರಬೇಕು.